ಮಲ್ಲಿಗೆ ಹೊರದ ಬ್ಯಾಟರಿ ಗಾಡಿ

ನಿಂತ ಗಾಡಿಯನ್ನು ಕಂಡರೆ ನಮ್ಮ ಕಡೆಯ ಗಂಡಸರಿಗೆ ಕೈ ತುರಿಸುತ್ತದೆ. ಎತ್ತು ಮಲಗಿದರೆ ದನದ ಡಾಕ್ಟರನ್ನು ಕರೆಸಿ ಎಂದು ಹೇಳಿ ದಾರಿ ಹಿಡಿಯುವವರು, ಗಾಡಿ ನಿಂತರೆ ಮಾತ್ರ ಪಂಚೆ ಎತ್ತಿಕಟ್ಟಿ ಕೂತೇ ಬಿಡುತ್ತಾರೆ. ಒಬ್ಬ ಅಲುಗಾಡಿಸುತ್ತಾನೆ, ಒಬ್ಬ ಊದುತ್ತಾನೆ, ಒಬ್ಬ ಕಿವಿಯಿಟ್ಟು ಕೇಳುತ್ತಾನೆ. ಪೆಟ್ರೋಲ್ ಗಾಡಿಯಾದರೆ ಸರಿ. ನಮ್ಮದು ಬ್ಯಾಟರಿ ಗಾಡಿ, ಕರೆಂಟಿನ ಸ್ಕೂಟರ್. ಓಡುವಾಗಲೇ ಅದಕ್ಕೆ ಸದ್ದಿಲ್ಲ, ನಿಂತಾಗ ಏನು ಕೇಳುತ್ತಾರೋ ಶಿವನೇ ಬಲ್ಲ.

ಹಡಗಲಿಯ ಹತ್ತಿರ ನಮ್ಮದು ಮಲ್ಲಿಗೆ ತೋಟ. ಸೊಸೆ ಕೊಟ್ರಮ್ಮ ನಸುಕಿನಲ್ಲಿ ಮೊಗ್ಗು ಬಿಡಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ದಾವಣಗೆರೆ ಬಸ್ಸಿಗೆ ಹಾಕಿ ಬರಬೇಕು. ಮೊಗ್ಗಿಗೆ ಕಾಯುವ ಗುಣವಿಲ್ಲ. ಬಸ್ಸು ತಪ್ಪಿದರೆ ಸಂಜೆಗೆ ಅರಳಿ ನಮ್ಮ ಮುಖವನ್ನೇ ನೋಡುತ್ತಾ ಕೂರುತ್ತದೆ. ದಿನಾ ಕಂಡವರ ಬೈಕಿಗೆ ಕಾಯುವುದು ಬೇಡವೆಂದು ಮಗ ಮಂಜ ಈ ಗಾಡಿ ತಂದುಕೊಟ್ಟ. ಲೈಸೆನ್ಸ್ ಬೇಡ, ಪೆಟ್ರೋಲ್ ಬೇಡ, ಕರೆಂಟ್ ಇದ್ದಾಗ ಚಾರ್ಜಿಗೆ ಹಾಕಿದರೆ ಆಯಿತು. ಕೊಟ್ರಮ್ಮ ಬೇಗ ಕಲಿತಳು. ಬಸ್‌ಸ್ಟ್ಯಾಂಡಿನಿಂದ ಸಂತೆಗೆ, ಸಂತೆಯಿಂದ ತವರಿಗೆ ಅವಳು ತಾನೇ ಹೋಗತೊಡಗಿದ ಮೇಲೆ ಮಂಜನಿಗೆ ಗಾಡಿಯ ಐಬುಗಳು ಒಂದೊಂದಾಗಿ ಕಾಣತೊಡಗಿದವು.

ಹೂವು ಹೆಚ್ಚಾಗುವ ಕಾಲ ಬಂತು, ಗಾಡಿ ಹಟ ಹಿಡಿಯಿತು. ಹಾರ್ನ್ ಕೂಗುತ್ತದೆ, ದೀಪ ಹತ್ತುತ್ತದೆ, ಚಕ್ರ ತಿರುಗುವುದಿಲ್ಲ. ಮೋಟರ್ ರಿಪೇರಿಯ ಬಾಷಾನ ಅಂಗಡಿಗೆ ತಳ್ಳಿಕೊಂಡು ಹೋದೆವು. ಅವನು ದೇವರ ಹೂವೆಂದು ಎಣ್ಣೆಗೈ ಒರೆಸಿಕೊಂಡು, ಹ್ಯಾಂಡಲ್ಲಿನಲ್ಲಿದ್ದ ಚೀಲ ತೆಗೆದು ಗೋಡೆಯ ಮೊಳೆಗೆ ತೂಗುಹಾಕಿ, ಆಮೇಲೆ ಗಾಡಿ ಮುಟ್ಟಿದ. ಮುಟ್ಟಿದ್ದೇ ತಡ, ಅದು ಬಿಚ್ಚಿಬಿಟ್ಟ ಕರುವಿನಂತೆ ಓಡಿತು! ಆದರೂ ಫ್ಯೂಜ್ ನೋಡಿದ, ವೈರ್ ಬಿಗಿ ಮಾಡಿದ, ಬ್ಯಾಟರಿಗೆ ಮೀಟರ್ ಹಚ್ಚಿದ.

"ಏನೂ ಆಗಿಲ್ಲ ದೊಡ್ಡವ್ವ. ನಿಮ್ಮ ಮನಿ ಹತ್ರ ದೆವ್ವಗಿವ್ವ ಐತೇನ್ ನೋಡ್ರಿ."

"ಐತಿ. ನಾನೇ ಹೆತ್ತೀನಿ" ಎಂದೆ, ಮಗನ ಕಡೆ ನೋಡಿ.

ಕರೆಂಟಿನ ವಿದ್ಯೆಯಲ್ಲಿ ನಾನೂ ತಕ್ಕಮಟ್ಟಿನವಳೇ. ರೇಡಿಯೋದ ಸೆಲ್ಲುಗಳನ್ನು ಹಪ್ಪಳದ ಪಕ್ಕ ಬಿಸಿಲಿಗೆ ಹಾಕಿ ಇನ್ನೊಂದು ವಾರದ ವಾರ್ತೆ ಕೇಳಿದವಳು. ಟಿವಿಯ ನೆತ್ತಿಗೆ ಎರಡು ಬಿಗಿದು ಚಿತ್ರ ತರಿಸಿದವಳು. ಆದರೆ ಗಾಡಿಯನ್ನು ಬಿಸಿಲಿಗೆ ನಿಲ್ಲಿಸಿದರೆ ಸೀಟು ಮಾತ್ರ ಬಿಸಿಯಾಯಿತು. ಬಡಿದರೆ ನನ್ನ ಕೈ ನೋವಾಯಿತು. ನನ್ನ ವಿದ್ಯೆ ಅಲ್ಲಿಗೆ ಮುಗಿಯಿತು.

ಮಂಜ ಮಾತ್ರ ರೋಗ ಕಂಡುಹಿಡಿದೇಬಿಟ್ಟ. "ಭಾರ ತಡಿಯಂಗಿಲ್ಲ ಯವ್ವಾ. ಹೂವು ಇಟ್ರ ನಿಲ್ತೈತಿ, ತಗದ್ರ ಓಡ್ತೈತಿ. ಚಿಗಟೇರಿ ಮಾವಗ ಕೊಟ್ಟುಬಿಡ್ತೀನಿ. ನಾಳಿ ಬಂದು ಒಯ್ತಾನ."

ಚಿಗಟೇರಿ ಮಾವ ಎಂದರೆ ಆ ಊರಿನ ನನ್ನ ಅಳಿಯ, ಮಂಜನ ಅಕ್ಕನ ಗಂಡ. ಕೊಟ್ರಮ್ಮ ತೊಳೆಯುತ್ತಿದ್ದ ತಟ್ಟೆ ಬಟ್ಟಲುಗಳು ಅವಳ ಮಾತನ್ನೆಲ್ಲಾ ಆಡಿದವು.

"ನನ್ನಂಥ ಗುಡ್ಡ ಕುಂತ್ರ ಓಡ್ತೈತಿ, ಮಲ್ಲಿಗಿ ಭಾರಾತಂತ!" ಎಂದೆ. ಮಂಜ ಕೇಳಿಸಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ಕೊಟ್ರಮ್ಮ ಚೀಲ ತೂಗುಹಾಕಿ ಕೀಲಿ ತಿರುವಿದಳು. ಗಾಡಿ ಜಪ್ಪಯ್ಯ ಎನ್ನಲಿಲ್ಲ. ಬಸ್ಸಿನ ಹೊತ್ತಾಗುತ್ತಿತ್ತು. ಮುಂದೆ ನಿಂತು ಬುದ್ಧಿ ಹೇಳಲು ಮಂಜ ಇದ್ದ, ಹಿಂದೆ ನಿಂತು ತಳ್ಳಲು ನಾನು. ಬಗ್ಗಿದಾಗ ಕಂಡಿತು: ಹಿಂದಿನ ಕೆಂಪು ದೀಪ ಮುಖಕ್ಕೆ ರಾಚುವಂತೆ ಉರಿಯುತ್ತಿದೆ.

"ಲೇ ಕೊಟ್ರವ್ವ, ಬ್ರೇಕ್ ಯಾಕ್ ಹಿಡದಿ?"

"ಎಲ್ಲಿ ಹಿಡದೀನ್ರಿ ಅತ್ತಿ?" ಎಂದು ಬಲಗೈಯಲ್ಲಿ ಆಕ್ಸಿಲರೇಟರ್ ತಿರುವುತ್ತಲೇ ಎಡಗೈ ಎತ್ತಿ ತೋರಿಸಿದಳು.

ಮುಂದೆ ಬಂದು ನೋಡಿದೆ. ಹೂವು ಹೆಚ್ಚಾಗಿ ಭಾರವಾದ ಚೀಲದ ಹಿಡಿ ಎಡಗಡೆಯ ಬ್ರೇಕಿಗೆ ನೇತುಬಿದ್ದು ಅದನ್ನು ಕೆಳಗೆ ಜಗ್ಗುತ್ತಿತ್ತು. ಇಂಥ ಗಾಡಿಗಳಲ್ಲಿ ಬ್ರೇಕ್ ಹಿಡಿದರೆ ಮೋಟರಿಗೆ ಕರೆಂಟೇ ಹೋಗುವುದಿಲ್ಲವಂತೆ, ಬಾಷಾ ಆಮೇಲೆ ಹೇಳಿದ. ನಾನು ಚೀಲ ಎತ್ತಿದೆ. ಕೆಂಪು ದೀಪ ಆರಿತು, ಗಾಡಿ ಟಣ್ಣನೆ ನೆಗೆಯಿತು, ಮಂಜ ಹಾರಿ ತಿಪ್ಪೆಯ ಪಕ್ಕ ನಿಂತ.

"ಮತ್ತ ಎಲ್ಲಿಡ್ಲಿ? ಹೂವು ಕಾಲತ್ರ ಇಡಬ್ಯಾಡ ಅಂತ ನೀವ ಅಂದಿದ್ರಿ" ಎಂದಳು ಸೊಸೆ.

ಅಂದಿದ್ದೆ, ಹೌದು. ಆ ಗಾಡಿಯಲ್ಲಿ ಚೀಲ ಇಡಲು ಇದ್ದ ಜಾಗವೆಂದರೆ ಕಾಲಿಡುವ ಜಾಗ ಒಂದೇ.

"ನನ್ನ ಮಡ್ಲಾಗ ಇಡು. ಹೊಡಿ ಗಾಡಿ."

ಸೀರೆಯೆಲ್ಲಾ ಒದ್ದೆ. ಬಸ್ಸು ಇನ್ನೇನು ಹೊರಟಿತ್ತು. ಕಂಡಕ್ಟರ್ ನಕ್ಕ: "ಏನ್ ದೊಡ್ಡವ್ವ, ಮದಲಿಂಗಿತ್ತಿ ಬಂದಂಗ ಬಂದ್ರಿ!"

"ಮದುಮಗ ಸತ್ತು ಭಾಳ ದಿನಾತು. ಮೊದ್ಲು ಚೀಲ ಹಿಡಿ."

ಮನೆಗೆ ಬಂದಾಗ ಮಂಜ ಕಟ್ಟೆಯ ಮೇಲೆ ಕೂತಿದ್ದ. "ಗಾಡೀದೇನೂ ತಪ್ಪಿಲ್ಲಪ. ಒಂದ್ ಕೈಯಾಗ ಹೋಗು ಅಂತಿದ್ವಿ, ಇನ್ನೊಂದು ಕೈ ಜಗ್ಗತಿತ್ತು. ಅದು ನಿಂತ್ಕಂತು" ಎಂದೆ. "ನೀ ನಿನ್ನ ಹೆಂಡ್ತಿಗೆ ಮಾಡಾದೂ ಅದ. ಆದ್ರ ಆಕಿ ನಿಲ್ಲಾಕಿ ಅಲ್ಲ."

ಅವನು ಎದ್ದು ಹೋಗಿ, ಕಬ್ಬಿಣದ ಸರಳೊಂದನ್ನು ಬಗ್ಗಿಸಿ, ಬ್ರೇಕಿನಿಂದ ದೂರಕ್ಕೆ ಕೊಕ್ಕೆ ಕೂರಿಸಿದ. ನನ್ನ ಮಗ ತಪ್ಪೊಪ್ಪಿಕೊಳ್ಳುವುದು ಹೀಗೆಯೇ, ಸುತ್ತಿಗೆಯಲ್ಲಿ.

ಮಧ್ಯಾಹ್ನ ಚಿಗಟೇರಿಯ ಅಳಿಯ ಬಂದ. ರೊಟ್ಟಿ ತಿಂದ, ಚಹಾ ಕುಡಿದ, ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. ಮಂಜ ಮಳೆಯ ಮಾತು ತೆಗೆದ. ಕೊನೆಗೆ ಕೊಟ್ರಮ್ಮ ಕೀಲಿ ತಂದು, "ಹತ್ರಿ ಅಣ್ಣಾರ, ನಿಮ್ಮ ಚಿಗಟೇರಿ ಬಸ್ಸಿಗೆ ಹೊತ್ತಾತು" ಎಂದಳು. ಗಾಡಿ ಒಯ್ಯಲು ಬಂದವನು ಹಿಂದಿನ ಸೀಟನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಕೂತ. ಸದ್ದಿಲ್ಲದೆ ಹೋದರು.