ಮಡಿ ಸೀರೆ ಮುಟ್ಟಿದ ವಿಷಯದ ಕುರಿತು

ಮಾನ್ಯ ಓದುಗರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಈವರೆಗೆ ಪ್ರಬಂಧ ಬರೆದವಳಲ್ಲ. ಜುಗೂಳದಲ್ಲಿದ್ದಾಗ ಊರವರಿಗೆ ಬೀದಿದೀಪದ, ಬಸ್ಸಿನ ಅರ್ಜಿಗಳನ್ನು ಬರೆದುಕೊಡುತ್ತಿದ್ದೆ. ಆದ್ದರಿಂದ ಪೆನ್ನು ಹಿಡಿದೊಡನೆ ಕೈ ತಾನಾಗಿ ವಿನಮ್ರವಾಗುತ್ತದೆ, ಮನ್ನಿಸಬೇಕು.

ತೊಂಬತ್ತರ ದಶಕದ ಕೊನೆಯಲ್ಲಿ ದೂರದ ವಿಶ್ವವಿದ್ಯಾಲಯವೊಂದು ನನ್ನನ್ನು ಫ್ಯಾಷನ್ ಸಂವಹನದ ಓದಿಗೆ ಆರಿಸಿತು. ಪಾಲಕರ ಸಹಿಯುಳ್ಳ ಒಪ್ಪಿಗೆ ಪತ್ರ ವಾರದೊಳಗೆ ತಲುಪಬೇಕಿತ್ತು. ಅಪ್ಪ ಪೆನ್ನಿನ ಟೋಪಿ ತೆಗೆದು, ಮತ್ತೆ ಹಾಕಿ, "ಮೊದಲ ನಿಮ್ಮ ಆಯಿ ಹೂಂ ಅನ್ಲಿ" ಎಂದರು. ಆಯಿ ಎಂದರೆ ನನ್ನ ಅಜ್ಜಿ. ನಮ್ಮ ಮನೆಯ ಮೇಲ್ಮನವಿ ಪ್ರಾಧಿಕಾರ.

"ಅಂದ್ರ ಹೊಲಿಗಿ ಕೆಲಸೇನ ಬೇ?" ಎಂದರು ಆಯಿ.

"ಅಲ್ಲ ಆಯಿ. ಅರಿವಿ ಏನ್ ಹೇಳತೈತಿ ಅಂತ ಮಂದಿಗೆ ತಿಳಿಸೂದು."

"ನಮ್ಮ ಮಹಾರಾಜರು ಅರಿವೀನ ಬಿಟ್ಟು ನಡದಾರ. ನೀ ಅರಿವಿ ಕೂಡ ಮಾತಾಡಾಕ ಹೊಂಟಿ!"

ನಾವು ದಿಗಂಬರ ಜೈನರು. ಆಗ ಊರ ಬಸದಿಯಲ್ಲಿ ಮುನಿ ಮಹಾರಾಜರೊಬ್ಬರು ತಂಗಿದ್ದರು. ಮುನಿಗಳು ಆಹಾರಕ್ಕೆ ಹೊರಡುವ ಮುನ್ನ ಮನಸ್ಸಿನಲ್ಲೇ ಒಂದು ಗುರುತು ನಿಶ್ಚಯಿಸಿಕೊಳ್ಳುವರು. ಅದು ಯಾವ ಮನೆಯ ಬಾಗಿಲಲ್ಲಿ ಕಂಡೀತೋ ಅಲ್ಲಿ ಊಟ. ಎಲ್ಲಿಯೂ ಕಾಣದಿದ್ದರೆ ಉಪವಾಸ. ಎರಡು ದಿನ ನಮ್ಮೂರಿನ ಯಾವ ಬಾಗಿಲಲ್ಲೂ ಅದು ಕಾಣಿಸಿರಲಿಲ್ಲ. ಆಯಿಯೂ ಊಟ ಬಿಟ್ಟಿದ್ದರು.

ಮೂರನೆಯ ಬೆಳಗ್ಗೆ, ಯಾರೂ ಮುಟ್ಟದಂತೆ ಹಿತ್ತಲಲ್ಲಿ ಒಣಹಾಕಿದ್ದ ಆಯಿಯ ಕೆಂಪು ಮಡಿ ಸೀರೆಯ ಅಂಚನ್ನು ನಾನು, ಕೇವಲ ಅಧ್ಯಯನದ ಉದ್ದೇಶದಿಂದ, ಎರಡು ಬೆರಳಲ್ಲಿ ಹಿಡಿದು ನೋಡಿದೆ.

"ಮುಟ್ಟಿದ್ಯಾ? ಮುಟ್ಟೇ ಬಿಟ್ಯಾ? ಮಹಾರಾಜರು ಬರೂ ಹೊತ್ತಾತಲ್ಲ ಬೇ!"

ಮಡಿಗೆ ಉಳಿದದ್ದು ಆಯಿ ಆಗಷ್ಟೇ ಹಿಂಡಿ ಹರವಿದ್ದ ಹಸಿರು ಇಳಕಲ್ ಸೀರೆ ಒಂದೇ. ನೀರು ತೊಟ್ಟಿಕ್ಕುತ್ತಿದ್ದ ಅದನ್ನೇ ಉಟ್ಟು, ಕಲಶ ಹಿಡಿದು, ನನ್ನತ್ತ ನೋಡದೆ ಬಾಗಿಲಲ್ಲಿ ನಿಂತರು. ನನ್ನ ಒಪ್ಪಿಗೆ ಪತ್ರ ತಿರಸ್ಕೃತವಾಯಿತೆಂದು ಕಂಬದ ಹಿಂದೆ ನಿಂತು ಮನಗಂಡೆ.

ಮಹಾರಾಜರು ಬಂದರು. ಐದು ಬಾಗಿಲು ದಾಟಿದರು. ನಮ್ಮ ಬಾಗಿಲಲ್ಲಿ ನಿಂತರು.

ಆಹಾರ ಮುಗಿದ ನಂತರ ಅಪ್ಪ ಕೈಮುಗಿದು ವಿಚಾರಿಸಲಾಗಿ, ಅಂದಿನ ಗುರುತು ಹಸಿರು ಸೀರೆ ಮತ್ತು ಕಲಶವೆಂದು ತಿಳಿದುಬಂದಿತು. ಒದ್ದೆ ಸೆರಗಿನಲ್ಲೇ ಆಯಿ ಕಣ್ಣೊರೆಸಿಕೊಂಡರು. ಸಂಜೆ ದೀಪ ಹಚ್ಚಿದ ಮೇಲೆ ಅಪ್ಪನನ್ನು ಕರೆದರು.

"ಅರಿವಿ ಮಾತಾಡತೈತಿ, ಖರೆ. ಹಾಕೋ ಸಹಿ. ಆದ್ರ ಅಲ್ಲಿ ಹೋಗಿ ಯಾರ ಮಡಿ ಸೀರೀನೂ ಮುಟ್ಟಂಗಿಲ್ಲ ಅಂತ ಬರಸ್ಕೋ ಇಕಿ ಕಡಿಂದ."

ಬರೆದುಕೊಟ್ಟೆ.

ವಿಶ್ವವಿದ್ಯಾಲಯದ ಮೊದಲ ತರಗತಿಯಲ್ಲಿ ಅಧ್ಯಾಪಕಿಯವರು ಮೇಜಿನ ಮೇಲೆ ಹತ್ತಾರು ಬಟ್ಟೆ ಹರಡಿ, ಮುಟ್ಟಿ ನೋಡಿ ಬರೆಯಿರಿ ಎಂದರು. ಎಲ್ಲರ ಕೈಗಳೂ ಮುಂದಾದವು. "ಮುಟ್ಟಲೇನ್ರಿ?" ಎಂದು ಕೇಳಿದವಳು ನಾನೊಬ್ಬಳೇ, ತರಗತಿಯೆಲ್ಲ ನಕ್ಕಿತು. ಬಟ್ಟೆಗೂ ಒಂದು ಮಾತಿದೆಯೆಂದು ನನಗೆ ತಿಳಿಸಿಕೊಟ್ಟವರು ಬಟ್ಟೆಯನ್ನೇ ತೊರೆದವರು ಎಂಬುದನ್ನು ಅವರಿಗೆ ಹೇಗೆ ವಿವರಿಸಲಿ?

ಆ ಕಾರಣದಿಂದ ಇಂದಿಗೂ, ಅಂಗಡಿಯ ಬೊಂಬೆಯ ಸೆರಗನ್ನು ಹಿಡಿಯುವ ಮುನ್ನ, ನನ್ನ ಎರಡು ಬೆರಳುಗಳು ಕ್ಷಣಕಾಲ ಅನುಮತಿ ಕೋರಿ ನಿಲ್ಲುತ್ತವೆ. ಬೊಂಬೆಯು ಈವರೆಗೆ ಆಕ್ಷೇಪಣೆ ಸಲ್ಲಿಸಿಲ್ಲ.