ಮದ್ದೂರಿನಲ್ಲಿ ಇಳಿದ ಪುಟ್ಟಸ್ವಾಮಿ

ಇದನ್ನು ಕಟ್ಟುಕತೆ ಎನ್ನುವವರು ಮಂಡ್ಯದ ಹತ್ತಿರದ ದುದ್ದಕ್ಕೆ ಹೋಗಿ ನಂಜೇಗೌಡನನ್ನು ಕೇಳಬಹುದು. ಅವನು ಏನೂ ಹೇಳುವುದಿಲ್ಲ. ಪುಟ್ಟಸ್ವಾಮಿಯ ಹೆಸರೆತ್ತಿದರೆ ಸಾಕು, ಎದ್ದು ಹೊರಗೆ ಹೋಗಿಬಿಡುತ್ತಾನೆ. ನನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ.

ಎಪ್ಪತ್ತರ ದಶಕ. ಧನುರ್ಮಾಸದ ಚಳಿ. ನಾನು ಮಳವಳ್ಳಿಯಲ್ಲಿ ಹೊಸದಾಗಿ ಮೇಷ್ಟ್ರಾಗಿದ್ದೆ. ನಂಜೇಗೌಡ, ಕೊತ್ತತ್ತಿಯ ಪುಟ್ಟಸ್ವಾಮಿ ಇಬ್ಬರೂ ಮಂಡ್ಯದ ಹೈಸ್ಕೂಲಿನಲ್ಲಿ ನನ್ನ ಜೊತೆ ಓದಿದವರು, ಆಮೇಲೆ ಬೇಸಾಯಕ್ಕೆ ನಿಂತವರು. ಪುಟ್ಟಸ್ವಾಮಿಗೆ ಅಪ್ಪ ಇರಲಿಲ್ಲ. ಅವ್ವನಿಗೆ ಒಬ್ಬನೇ ಮಗ. ಬೆಂಗಳೂರು ನೋಡಬೇಕೆಂಬ ಹುಚ್ಚು ಅವನಿಗೆ. ಒಂದು ಭಾನುವಾರ ಬೆಳಗಿನ ರೈಲಿಗೆ ಹೋಗಿ ರಾತ್ರಿ ವಾಪಸ್ಸಾಗುವುದೆಂದು ಮಾತಾಡಿಕೊಂಡೆವು.

ಮಂಡ್ಯ ಸ್ಟೇಷನ್ನಿನಲ್ಲಿ ಒಬ್ಬರ ಮುಖ ಒಬ್ಬರಿಗೆ ಕಾಣದಷ್ಟು ಮಂಜು. ನಾನೂ ನಂಜೇಗೌಡನೂ ಕಾದೆವು. ರೈಲು ಬಂದರೂ ಪುಟ್ಟಸ್ವಾಮಿ ಇಲ್ಲ. ನಾವಿಬ್ಬರೇ ಹತ್ತಿ ಕೂತೆವು. ಸೀಟಿ ಊದಿ ಗಾಡಿ ಹೊರಟಿತು... ಅಷ್ಟರಲ್ಲಿ ಅವನು ಬಾಗಿಲಲ್ಲಿ ನಿಂತಿದ್ದ. ಹತ್ತಿದ್ದನ್ನು ನಾವಿಬ್ಬರೂ ನೋಡಲಿಲ್ಲ.

“ಏನ್ಲಾ, ಈ ಚಳೀಲಿ ತಲೆಗೆ ನೀರು ಉಯ್ಕಂಡಿದ್ದೀಯಾ?” ಎಂದ ನಂಜೇಗೌಡ.

ಪುಟ್ಟಸ್ವಾಮಿ ನಕ್ಕ. “ಬಂದ್ನಲ್ಲ, ಬುಡ್ಲಾ.”

ಆ ದಿನದಷ್ಟು ಸಂತೋಷವಾಗಿ ಅವನನ್ನು ನಾನು ಎಂದೂ ಕಂಡಿರಲಿಲ್ಲ. ಡಬಲ್ ಡೆಕ್ಕರ್ ಬಸ್ಸಿನ ಮೇಲಂತಸ್ತಿಗೆ ಓಡಿಹೋಗಿ ಮುಂದಿನ ಸೀಟಿನಲ್ಲಿ ಕೂತ. ವಿಧಾನಸೌಧದ ಎದುರು ಬಾಯಿ ತೆರೆದು ನಿಂತುಬಿಟ್ಟ. ಲಾಲ್‌ಬಾಗಿನ ಗಾಜಿನ ಮನೆ ಕಂಡು, “ಇಷ್ಟೊಂದು ಗಾಜ ಯಾರ್ಲಾ ಒರ್ಸೋರು?” ಎಂದ. ನಾವು ಬಿದ್ದು ಬಿದ್ದು ನಕ್ಕೆವು.

ಸಂಜೆ ಗಾಳಿ ಚುಚ್ಚುತ್ತಿತ್ತು. ನಾವು ಟವೆಲ್ಲು ಹೊದ್ದು ನಡುಗುತ್ತಿದ್ದರೆ ಅವನು ಬರೀ ಅಂಗಿಯಲ್ಲಿದ್ದ. ಹೆಗಲ ಮೇಲೆ ಕೈ ಹಾಕಿದೆ... ದಿನವೆಲ್ಲ ಬಿಸಿಲಲ್ಲಿ ತಿರುಗಿದರೂ ಅವನ ತಲೆ ಒಣಗಿರಲಿಲ್ಲ. ಮೈಯಿಂದ ನಾಲೆಯ ಕೆಸರಿನ ವಾಸನೆ. ಕೇಳಬೇಕೆಂದುಕೊಂಡೆ. ಯಾಕೋ ಕೇಳಲಿಲ್ಲ.

ವಾಪಸ್ ಬರುವಾಗ ಅವನು ಕಿಟಕಿಗೆ ಹಣೆಯಿಟ್ಟು ಸುಮ್ಮನೆ ಕೂತಿದ್ದ. ಮದ್ದೂರು ಬಂತು. ವಡೆ ಮಾರುವವರ ಕೂಗು. ಪುಟ್ಟಸ್ವಾಮಿ ಎದ್ದ.

“ಬತ್ತೀನಿ ಕಣ್ರಲಾ” ಎಂದ, ಮೆಲ್ಲಗೆ.

ವಡೆ ತರುತ್ತಾನೆಂದುಕೊಂಡೆವು. ರೈಲು ಹೊರಟಿತು. ಅವನು ಹತ್ತಲಿಲ್ಲ.

ಬೇರೆ ಡಬ್ಬಿಯಲ್ಲಿರಬಹುದೆಂದು ಮಂಡ್ಯದಲ್ಲಿ ಇಳಿದು ಹುಡುಕಿದೆವು. ಇಲ್ಲ. ಅವನ ಅವ್ವ ಗಾಬರಿಯಾದಾಳು, ಹೇಳಿಬರೋಣವೆಂದು ನಂಜೇಗೌಡನ ಸೈಕಲ್ಲಿನಲ್ಲಿ ಇಬ್ಬರೂ ಕೊತ್ತತ್ತಿಗೆ ಹೊರಟೆವು. ನಾಲೆಯ ಪಕ್ಕದ ದಾರಿ. ಕಗ್ಗತ್ತಲೆ. ನೀರಿನ ಸದ್ದು ಬಿಟ್ಟರೆ ಇನ್ನೇನಿಲ್ಲ... ಒಂದು ಕಡೆ ಸೈಕಲ್ಲು ತಾನಾಗಿ ಭಾರವಾಯಿತು. ಯಾರೋ ಹಿಂದೆ ಹಿಡಿದು ಎಳೆದ ಹಾಗೆ.

“ತಿರುಗಿ ನೋಡ್ಬ್ಯಾಡ ಕಣ್ಲಾ” ಎಂದು ಪಿಸುಗುಟ್ಟಿದ ನಂಜೇಗೌಡ.

ಪುಟ್ಟಸ್ವಾಮಿಯ ಮನೆ ಮುಂದೆ ಲಾಟೀನು ಉರಿಯುತ್ತಿತ್ತು. ಜನ ತಲೆ ತಗ್ಗಿಸಿ ಕೂತಿದ್ದರು. ಅವನು ಮದ್ದೂರಿನಲ್ಲಿ ಇಳಿದು ಉಳಿದುಬಿಟ್ಟ ಎಂದೆ.

ಅವನ ದೊಡ್ಡಪ್ಪ ಎದ್ದು ಬಂದರು. “ಕುಡ್ಕಂಡ್ ಬಂದಿದ್ದೀರೇನ್ರಲಾ? ನಿಮ್ ಜೊತೆ ಬರಕ್ಕೇಂತ ಕತ್ಲಲ್ಲಿ ಒಂಟೋನು ಮಂಜಲ್ಲಿ ದಾರಿ ಕಾಣ್ದೆ ನಾಲೇಗ್ ಜಾರವ್ನೆ. ಮಧ್ಯಾನ ತೂಬಿನತ್ರ ಸಿಕ್ದ. ಒತ್ತು ಮುಳುಗೋದ್ರೊಳಗೆ ಮಣ್ಣು ಮಾಡುದ್ವಿ.”

ಅವನನ್ನು ಮಣ್ಣಿಗಿಡುವ ಹೊತ್ತಿಗೆ ನಾನು ಲಾಲ್‌ಬಾಗಿನಲ್ಲಿ ಅವನ ಹೆಗಲ ಮೇಲೆ ಕೈ ಹಾಕಿ ನಿಂತಿದ್ದೆ.

ಒಳಗಿನಿಂದ ಅವನ ಅವ್ವ ಬಂದಳು. ಅತ್ತು ಅತ್ತು ದನಿ ಬಿದ್ದುಹೋಗಿತ್ತು. “ಸುಮ್ಕಿರಿ ಭಾವ” ಎಂದಳು. ನಮ್ಮಿಬ್ಬರನ್ನೂ ಜಗಲಿಯ ಮೇಲೆ ಕೂರಿಸಿಕೊಂಡಳು.

“ಓದ್ನಾ ನನ್ ಮಗ ಬೆಂಗಳೂರ್ಗೆ? ನೋಡುದ್ನಾ ಎಲ್ಲಾನೂವೆ?”

ಬಸ್ಸಿನ ಮಾತು ಹೇಳಿದೆ. ಗಾಜಿನ ಮನೆಯ ಮಾತು ಹೇಳಿದೆ. ಅಷ್ಟು ಅಳುವಿನಲ್ಲೂ ಅವಳ ತುಟಿ ನಗುವಂತೆ ಅಲುಗಿತು.

“ಏನಾರ ತಿಂದ್ನಾ ಕಣಪ್ಪ? ಬೆಳಿಗ್ಗೆ ಬರೀ ಒಟ್ಟೇಲಿ ಓದ...”

ನಾವು ಮುಖ ಮುಖ ನೋಡಿಕೊಂಡೆವು. ಹೋಟೆಲಿನಲ್ಲಿ ಅವನು ತಟ್ಟೆಯನ್ನು ನಮ್ಮ ಕಡೆಗೇ ಸರಿಸಿದ್ದ. ಒಂದು ತೊಟ್ಟು ನೀರನ್ನೂ ಮುಟ್ಟಿರಲಿಲ್ಲ.

“ತಿಂದ ಕಣವ್ವ” ಎಂದ ನಂಜೇಗೌಡ. “ಒಟ್ಟೆ ತುಂಬಾ ತಿಂದ.” ಎದ್ದು ಕತ್ತಲೆಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತ.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಮದ್ದೂರು ಸ್ಟೇಷನ್ನಿನಲ್ಲಿ ಇಳಿದೆ. ಅಲ್ಲಿಂದ ಮಳವಳ್ಳಿಗೆ ಬಸ್ಸು ಹಿಡಿಯಬೇಕಿತ್ತು. ಕಲ್ಲುಬೆಂಚಿನ ಮೇಲೆ ಸೆರಗು ಹೊದ್ದು ಒಬ್ಬ ಹೆಂಗಸು. ಹತ್ತಿರ ಹೋದೆ. ಪುಟ್ಟಸ್ವಾಮಿಯ ಅವ್ವ.

“ಇಲ್ಯಾಕವ್ವ, ಈ ಚಳೀಲಿ?”

“ಇಲ್ಲೇ ಇಳ್ದ ಅಂದ್ಯಲ್ಲಪ್ಪ ನೀನು.”

ಬೆಂಚಿನ ಆಚೆ ತುದಿ ಖಾಲಿಯಿತ್ತು. ಕೂರಲು ಹೋದೆ. ಅವಳು ಅವಸರವಾಗಿ ನನ್ನ ಕೈ ಹಿಡಿದು ಈಚೆಗೆ ಎಳೆದುಕೊಂಡಳು.

“ಆ ಕಡೆ ಬ್ಯಾಡ ಕಣಪ್ಪ... ಈ ಕಡೆ ಕೂತ್ಕೊ.”

ಈ ಕಡೆಯೇ ಕೂತೆ. ಅವಳು ಸೆರಗಿನ ಅರ್ಧವನ್ನು ಬಿಡಿಸಿ ಆ ಕಡೆಗೆ ಹೊದಿಸಿದಳು.

ನಾನು ಅತ್ತ ತಿರುಗಿ ನೋಡಲಿಲ್ಲ. ನೋಡಬೇಕಿತ್ತೇನೋ... ಅವನು ನನ್ನ ಗೆಳೆಯ.