ಉಗ್ಗುವ ನಾಯಕ

ತೆಲಂಗಾಣ ರಾಜ್ಯವಾದ ಮರುವರ್ಷ ನಾನು ಹೈದರಾಬಾದಿನ ಒಂದು ಚಿತ್ರ ಸಂಸ್ಥೆಯ ಕಥಾ ವಿಭಾಗದಲ್ಲಿದ್ದೆ. ಕಾದಂಬರಿಗಳನ್ನು ತೆರೆಗೆ ಒಗ್ಗಿಸುವುದು ನನ್ನ ಕೆಲಸ. ಕನ್ನಡದವನೆಂದು, ಹೈದರಾಬಾದಿನಲ್ಲೇ ನೆಲೆಸಿದ್ದ ಲೇಖಕಿ ಗಿರಿಜಕ್ಕನವರ ಕನ್ನಡ ಕಾದಂಬರಿ ನನ್ನ ಪಾಲಿಗೆ ಬಂತು.

ಅದೊಂದು ಮಾಯಾಲೋಕದ ಕಥೆ. ಊರನ್ನೇ ಕಲ್ಲಾಗಿಸುವ ರಾಕ್ಷಸನನ್ನು ತಡೆಯಲು ಇರುವುದು ಒಂದೇ ಮಂತ್ರ. ಅದನ್ನು ಬಲ್ಲವನು ಒಬ್ಬನೇ, ಅವನಿಗೋ ಉಗ್ಗು. ಕೊನೆಯ ಅಧ್ಯಾಯದಲ್ಲಿ ಅವನು ಹೆದರುತ್ತಲೇ, ಉಗ್ಗುತ್ತಲೇ ಮಂತ್ರ ಮುಗಿಸುತ್ತಾನೆ.

ಹಕ್ಕಿನ ಮಾತುಕತೆಗೆ ಹಿಮಾಯತ್‌ನಗರದ ಅವರ ಮನೆಗೆ ಹೋದೆ. ಅಬಿಡ್ಸ್‌ನ ಪುಸ್ತಕದಂಗಡಿಯಲ್ಲಿ ಕೆಲಸಕ್ಕಿದ್ದ ಅವರ ತಮ್ಮ ಶಿವು ಚಹಾ ತಂದಿಟ್ಟ.

“ಮೊದಲ ಇಂವ ಮಂದಿ ಮುಂದ ಬಾಯೇ ಬಿಡ್ತಿರಲಿಲ್ರಿ. ಪುಸ್ತಕ ಬಂದ ಮ್ಯಾಲ ಎಲ್ಲಾರಿಗೂ ಓದಿ ತೋರಸ್ತಾನ,” ಎಂದರು ಗಿರಿಜಕ್ಕ.

ಶಿವು ನನಗೂ ಆ ಕೊನೆಯ ಅಧ್ಯಾಯ ಓದಿದ. ತಡವರಿಸಿದ, ನಕ್ಕ, ಮತ್ತೆ ಓದಿದ. ಮುಗಿಸಿ, “ನಾ… ನಾಯಕ ಅಂದ್ರ ನಾನೇ ರೀ,” ಎಂದ. ಅಷ್ಟರಲ್ಲಿ ಚಹಾ ಆರಿಹೋಗಿತ್ತು.

ನಮ್ಮಲ್ಲಿ ‘ನರೇಷನ್’ ಎಂಬ ಪದ್ಧತಿಯಿದೆ. ಬರೆದದ್ದನ್ನು ಹೀರೋಗಳು ಓದುವುದು ಅಪರೂಪ. ಎದುರು ಕೂತು ನಟಿಸಿ ಹೇಳಬೇಕು. ಅವರ ಮುಖ ಅರಳಿದರೆ ದೃಶ್ಯ ಉಳಿಯಿತು, ಬಾಡಿದರೆ ಅಲ್ಲೇ ತಿದ್ದಿ ಮುಂದೆ ಸಾಗಬೇಕು. ಮಣಿಕೊಂಡದ ನಮ್ಮ ಆಫೀಸಿನಲ್ಲಿ ನಾನು ನಾಯಕನ ಮೊದಲ ಮಾತನ್ನು ಉಗ್ಗಿ ತೋರಿಸಿದೆ. ಹೀರೋ ಮೊಬೈಲ್ ಕೈಗೆತ್ತಿಕೊಂಡರು. ಹೀಗೆ ಮಾತಾಡುವವನು ಹೀರೋ ಅಲ್ಲ, ಅವನ ಜೊತೆಗಿರುವ ಕಾಮಿಡಿಯನ್ ಎಂದು ತೆಲುಗಿನಲ್ಲಿ ಹೇಳಿಯೇಬಿಟ್ಟೆ.

ಹೀರೋ ಫೋನ್ ಕೆಳಗಿಟ್ಟು ನಕ್ಕರು. “ಸೂಪರ್ ಉಂದಿ ಸಾರ್!”

ಯಾರೂ ನನ್ನ ಕತ್ತು ಹಿಡಿದಿರಲಿಲ್ಲ. ನನಗೆ ಆ ನಗು ಬೇಕಿತ್ತು, ಅಷ್ಟೇ.

ಸಿನಿಮಾದ ನಾಯಕ ಬೆಟ್ಟದ ತುದಿಯಲ್ಲಿ ನಿಂತು ಒಂದೇ ಉಸಿರಿಗೆ ಮಂತ್ರ ಹೇಳುತ್ತಾನೆ. ಅವನಿಗೆ ಹೆದರಿಕೆಯೆಂಬುದೇ ಇಲ್ಲ. ಉಗ್ಗುವ ಜೊತೆಗಾರನ ತಲೆಗೆ ಅವನು ಮೊಟಕಿದಾಗಲೆಲ್ಲ ಸಿಕ್ಕಿಕೊಂಡ ಮಾತು ಹೊರಬೀಳುತ್ತದೆ. ಪ್ರಿವ್ಯೂ ದಿನ ಪ್ರತಿ ಮೊಟಕಿಗೂ ಥಿಯೇಟರ್ ಹೋ ಎಂದಿತು. ನನ್ನ ಮುಂದಿನ ಸಾಲಿನಲ್ಲಿ ಗಿರಿಜಕ್ಕ ಪರದೆ ಬಿಟ್ಟು ತಮ್ಮನನ್ನೇ ನೋಡುತ್ತಿದ್ದರು.

ಹೊರಗೆ ಬಂದಾಗ, “ಹೆಂಗನಸ್ತು ಶಿವು?” ಎಂದೆ. ಅವನು ಬಾಯಿ ತೆರೆದ. ಮೊದಲ ಅಕ್ಷರ ತುಟಿಯಲ್ಲೇ ನಡುಗಿತು. ಪಕ್ಕದಲ್ಲಿ ಯಾರೋ ಆ ಜೊತೆಗಾರನ ಮಾತನ್ನು ಅಣಕಿಸುತ್ತ, ಗೆಳೆಯನ ತಲೆಗೆ ಮೊಟಕುತ್ತ ಮೆಟ್ಟಿಲಿಳಿದರು. ಶಿವು ಬಾಯಿ ಮುಚ್ಚಿ, ನನಗೆ ಕೈಮುಗಿದು ಹೊರಟ.

“ಸಿನಿಮಾದಾಗ ಕಥಿ ಬದಲಾಗ್ತದ ಅಂತ ಗೊತ್ತಿತ್ರಿ,” ಎಂದರು ಗಿರಿಜಕ್ಕ. “ಖರೆ, ನಾ ನಿಮಗ ಕಥಿ ಮಾರಿದ್ದೆ. ತಮ್ಮನ್ನ ಮಾರಿರಲಿಲ್ಲ.”

ಚಿತ್ರ ಚೆನ್ನಾಗಿ ಓಡಿತು. ಮನಸ್ಸಿನೊಳಗಿನ ಹೆದರಿಕೆ ಪುಟದಲ್ಲಿ ನಿಲ್ಲುತ್ತದೆ, ತೆರೆಯಲ್ಲಿ ನಿಲ್ಲುವುದಿಲ್ಲ ಎಂದು ನಾನು ಆಮೇಲೆ ಎಷ್ಟೋ ಕಡೆ ವಾದಿಸಿದೆ. ಅದು ಅರ್ಧ ಸತ್ಯ. ನಾಯಕನ ಕೊರತೆಯನ್ನು ಕಿತ್ತೆಸೆಯುವ ಮುನ್ನ ಅದು ಯಾರ ಮನೆಯಲ್ಲಿ ಹೋಗಿ ಬೀಳುತ್ತದೆಂದು ನೋಡಬೇಕು. ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ, ಕಲಿಸಿದ್ದು ತಡವಾಗಿ.

ಅಬಿಡ್ಸ್‌ಗೆ ಹೋದರೆ ಈಗಲೂ ಆ ಅಂಗಡಿಗಿಂತ ಮೊದಲೇ ರಸ್ತೆ ದಾಟಿಬಿಡುತ್ತೇನೆ. ಗಿರಾಕಿಗಳು ಪುಸ್ತಕ ಕೇಳಿದರೆ ಶಿವು ಬಾಯಿ ಬಿಡದೆ ಬೆರಳು ಮಾಡಿ ತೋರಿಸುತ್ತಾನಂತೆ.